ಸಾಪ್ತಾಹಿಕ ಸ್ಥಿತಿನಿವೇದನ ಮೀಮಾಂಸೆ

ಪ್ರಸ್ತುತ ಪ್ರಬಂಧವು, ಕಚೇರಿಯ ನೌಕರನು ಪ್ರತಿ ಶುಕ್ರವಾರ ಸಂಜೆ ನಾಲ್ಕರಿಂದ ಆರರ ನಡುವೆ ಬರೆಯುವ, ಸಹೋದ್ಯೋಗಿಗಳು ಓದದ, ಓದಲಿಲ್ಲವೆಂದು ಯಾರೂ ಒಪ್ಪಿಕೊಳ್ಳದ ಒಂದು ಗದ್ಯಪ್ರಕಾರವನ್ನು ಅದರ ತಾತ್ವಿಕ ನೆಲೆಗಟ್ಟಿನಲ್ಲಿರಿಸಿ, ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಗೊಳಿಸಿ, ಅದರ ಅಂತಃಪಠ್ಯೀಯ ಸಂಕಥನಗಳನ್ನು ಮರುಓದಿಗೆ ಒಳಪಡಿಸುವ ಒಂದು ವಿನಮ್ರ ಯತ್ನವಾಗಿರುತ್ತದೆ. ಈ ವಾಕ್ಯದ ಅರ್ಥವೇನೆಂದು ನನ್ನನ್ನು ಕೇಳಬೇಡಿ. ವಾರದ ಐದು ದಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ದುಡಿದು, ಭಾನುವಾರ ವಿಚಾರಸಂಕಿರಣಗಳಲ್ಲಿ ಊಟದ ಹೊತ್ತಿನವರೆಗೂ ಕೂರುವ ಚಟವಿರುವವನಿಗೆ ಎರಡೂ ಕಡೆಯ ಭಾಷೆ ಅಂಟಿಕೊಳ್ಳುತ್ತದೆ. ಎರಡಕ್ಕೂ ಒಂದು ಸಮಾನಗುಣವಿದೆ: ಎಷ್ಟು ಹೊತ್ತು ಮಾತಾಡಿದರೂ ಎಲ್ಲೂ ಸಿಕ್ಕಿಬೀಳುವುದಿಲ್ಲ.

ಆಡುಮಾತಿನಲ್ಲಿ ಇದನ್ನು ಸ್ಟೇಟಸ್ ಮೇಲ್ ಎನ್ನುತ್ತಾರೆ. ವಿದ್ವಜ್ಜನರಿಗೆ ಒಪ್ಪುವ ಪಾರಿಭಾಷಿಕ ಪದ ಬೇಕಾದ್ದರಿಂದ ‘ಸಾಪ್ತಾಹಿಕ ಸ್ಥಿತಿನಿವೇದನ’ ಎಂದು ಕರೆದಿದ್ದೇನೆ. ಮುಂದೆ ಹ್ರಸ್ವವಾಗಿ ‘ಸಾಸ್ಥಿನಿ’. ಯಾವುದೋ ಹೋಮಿಯೋಪತಿ ಗುಳಿಗೆಯ ಹೆಸರಿನ ಹಾಗಿದೆ ಎಂದು ಮನೆಯಿಂದ ಆಕ್ಷೇಪ ಬಂತು. ಆಕ್ಷೇಪವನ್ನು ದಾಖಲಿಸಿಕೊಳ್ಳಲಾಗಿದೆ.

ಇನ್ನು ಲಕ್ಷಣ. ಏನೂ ಆಗದಿದ್ದಾಗ ಏನೋ ಆಗಿದೆಯೆಂದೂ, ಏನೋ ಆಗಿಹೋದಾಗ ಏನೂ ಆಗಿಲ್ಲವೆಂದೂ ತೋರಿಸುವ ವಾಕ್ಯಸಮೂಹವೇ ಸಾಸ್ಥಿನಿ. ಇದಕ್ಕೆ ಅತಿವ್ಯಾಪ್ತಿ ದೋಷವಿದೆ, ಮಂತ್ರಿಗಳ ಪತ್ರಿಕಾ ಹೇಳಿಕೆಗೂ ಇದೇ ಲಕ್ಷಣ ಹೊಂದುತ್ತದೆ ಎಂದು ಪೂರ್ವಪಕ್ಷದವರು ಅನ್ನಬಹುದು. ಅನ್ನಲಿ. ಈ ಪ್ರಕಾರದಲ್ಲಿ ನಾನು ಇಪ್ಪತ್ತೆರಡು ವರ್ಷ ಕೃಷಿ ಮಾಡಿದ್ದೇನೆ. ವರ್ಷಕ್ಕೆ ಐವತ್ತರಂತೆ ಹಿಡಿದರೂ ಸಾವಿರ ದಾಟುತ್ತದೆ. ಅಷ್ಟು ಗದ್ಯ ಬರೆದ ಬೇರೆ ಯಾರಿಗಾದರೂ ಇಷ್ಟು ಹೊತ್ತಿಗೆ ಒಂದು ಅಭಿನಂದನ ಗ್ರಂಥ ಬಂದಿರುತ್ತಿತ್ತು.

ಉತ್ಪತ್ತಿ ಪ್ರಕರಣ

ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಇಮೇಲ್ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ಹೆಸರಿಗೂ ಯಂತ್ರಕ್ಕೂ ನಡುವೆ ಆ್ಯಟ್ ಚಿಹ್ನೆಯನ್ನು ತಂದು ಕೂರಿಸಿದವರೂ ಅವರೇ. ಆ ಮೇಲಿನಲ್ಲಿ ಏನಿತ್ತು ಎಂದು ಮುಂದೆ ಜನ ಕೇಳಿದರೆ ಅವರಿಗೆ ನೆನಪಿರಲಿಲ್ಲ. ಕೀಲಿಮಣೆಯ ಮೇಲಿನ ಸಾಲನ್ನು ಹಾಗೇ ಒತ್ತಿದ್ದಿರಬಹುದು, ಅಷ್ಟೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಕಳಿಸಿದ ಯಂತ್ರ, ತಲುಪಿದ ಯಂತ್ರ ಎರಡೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಂತಿದ್ದವು. ನೆನಪಿಡಲು ಏನೂ ಇಲ್ಲದ್ದನ್ನು, ಪಕ್ಕದಲ್ಲೇ ಇರುವವರಿಗೆ, ಊರೆಲ್ಲ ಸುತ್ತಿಸಿ ಮುಟ್ಟಿಸುವುದು. ನಮ್ಮ ಪ್ರಕಾರದ ಮೂರೂ ಮೂಲಗುಣಗಳು ಹೆರಿಗೆಮನೆಯಲ್ಲೇ ಕಾಣಿಸಿಕೊಂಡವು.

‘ಸಿಸಿ’ ಎಂಬುದು ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಇದಕ್ಕೊಂದು ದೈವಕೃಪೆಯ ಮಿತಿ ಇತ್ತು. ಎಷ್ಟು ಗಟ್ಟಿಯಾಗಿ ಕುಟ್ಟಿದರೂ ನಾಲ್ಕನೆಯ ಹಾಳೆಗೆ ಅಕ್ಷರ ಮಸುಕು, ಆರನೆಯದಕ್ಕೆ ಬರೀ ನೆರಳು. ಹಾಗಾಗಿ ಆರನೆಯ ಮನುಷ್ಯನಿಗೆ ವಿಷಯ ಗೊತ್ತಾಗುತ್ತಿರಲಿಲ್ಲ, ಅವನು ಅಭಿಪ್ರಾಯ ಕೊಡುತ್ತಲೂ ಇರಲಿಲ್ಲ. ನನ್ನ ಶುಕ್ರವಾರದ ಮೇಲ್ ಈಗ 43 ಜನರಿಗೆ ಹೋಗುತ್ತದೆ, 43 ಜನರಿಗೂ ಅಕ್ಷರ ಸ್ಫುಟವಾಗಿ ಕಾಣುತ್ತದೆ. ಅವರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ. ಒಬ್ಬರು ಯಾರೆಂದು ನನಗೆ ಈವರೆಗೆ ತಿಳಿದಿಲ್ಲ. ಪಟ್ಟಿಯಿಂದ ತೆಗೆಯಲು ಧೈರ್ಯವಿಲ್ಲ.

ದೇಶೀ ಮೂಲ ತೋರಿಸದ ಪ್ರಬಂಧಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲ. ಆದ್ದರಿಂದ ಹಲ್ಮಿಡಿಗೆ ಹೋಗೋಣ. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ, ಕನ್ನಡದ ಅತಿ ಹಳೆಯ ಶಾಸನವೆಂದು ಬಹುಕಾಲ ಹೆಸರಾದ ಆ 16 ಸಾಲುಗಳ ರಚನೆಯನ್ನು ನೋಡಿ. ಮೊದಲು ವಿಷ್ಣುವಿನ ಸ್ತುತಿ; ನಮ್ಮಲ್ಲಿ ಅದು ‘ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ’. ಆಮೇಲೆ ದೊಡ್ಡವರ ಹೆಸರು, ಬಿರುದು. ನಮ್ಮ ‘ಟು’ ಮತ್ತು ‘ಸಿಸಿ’. ನಡುವೆ ನಡೆದ ಸಂಗತಿ. ಕೊನೆಗೆ, ಇದನ್ನು ಅಪಹರಿಸಿದವನು ಮಹಾಪಾತಕಿ ಎಂಬ ಶಾಪ. ಈ ಶಾಪಾಶಯವೇ ಇಂದು ಪ್ರತಿ ಮೇಲಿನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ‘ಈ ಸಂದೇಶ ಗೌಪ್ಯ, ತಪ್ಪಿ ನಿಮ್ಮ ಕೈಸೇರಿದ್ದರೆ ಕೂಡಲೇ ಅಳಿಸತಕ್ಕದ್ದು’ ಎಂದು ಉಳಿದುಕೊಂಡಿದೆ. ಶಾಸನದ ಕವಿಗಳು ಮುಂದೆ ಇದನ್ನು ಬೆಳೆಸಿ, ತಪ್ಪಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದೆಲ್ಲ ಕೆತ್ತಿಸಿದರು. ನಮ್ಮ ಕಾನೂನು ವಿಭಾಗಕ್ಕೆ ಅಷ್ಟು ಕಲ್ಪನೆಯಿಲ್ಲ.

ಒಂದು ವ್ಯತ್ಯಾಸವಿದೆ, ಅದು ಆಮೇಲೆ.

ಸೂತ್ರ ಪ್ರಕರಣ

ಸೂತ್ರ 1. ಕರ್ತೃಲೋಪಃ ಸರ್ವತ್ರ.

ವೃತ್ತಿ: ಸಾಸ್ಥಿನಿಯ ಯಾವ ವಾಕ್ಯದಲ್ಲೂ ಮಾಡಿದವನು ಇರಕೂಡದು. ಕನ್ನಡದಲ್ಲಿ ಇದನ್ನು ಸಾಧಿಸುವುದು ಸುಲಭವಲ್ಲ. ‘ಮಾಡಿದೆ’ ಅಂದರೆ ನಾನು, ‘ಮಾಡಿದಳು’ ಅಂದರೆ ಅವಳು, ‘ಮಾಡಿದಿರಿ’ ಅಂದರೆ ತಾವು. ಬಾಯಿ ಬಿಟ್ಟರೆ ಕ್ರಿಯಾಪದದ ಬಾಲದಲ್ಲಿ ಆಸಾಮಿ ಸಿಕ್ಕಿಬೀಳುತ್ತಾನೆ. ಶಾಲೆಯಲ್ಲಿ ನಮಗೆ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕಲಿಸಿದರು. ಆ ವಾಕ್ಯವನ್ನು ಪರೀಕ್ಷೆಯ ಹಾಲಿನಿಂದಾಚೆ ನಾನು ಯಾರ ಬಾಯಲ್ಲೂ ಕೇಳಿಲ್ಲ. ಅಲ್ಲಿಯೂ ರಾಮನ ಹೆಸರು ಇದ್ದೇ ಇತ್ತು ಎಂಬುದನ್ನು ಗಮನಿಸಿ. ರಾಮನನ್ನೂ ತೆಗೆದುಹಾಕಿದ ಕೀರ್ತಿ ಕಚೇರಿಯ ಕನ್ನಡಕ್ಕೆ ಸಲ್ಲಬೇಕು: ‘ರಾವಣನ ವಿಷಯವನ್ನು ಇತ್ಯರ್ಥಪಡಿಸಲಾಗಿದೆ.’ ಈ ‘ಲಾಗಿದೆ’ ಎಂಬ ಪ್ರತ್ಯಯದ ಬೆನ್ನ ಹಿಂದೆ ಇಡೀ ಇಲಾಖೆ ಅಡಗಿ ಕೂರಬಹುದು. ಪರಿಶೀಲಿಸಲಾಗಿದೆ. ಗಮನಿಸಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಇನ್ನೂ ಸೂಕ್ಷ್ಮವಾದದ್ದು ‘ಕಂಡುಬಂದಿದೆ’. ‘ಒಂದು ಸಣ್ಣ ಅಡಚಣೆ ಕಂಡುಬಂದಿದೆ.’ ಕಂಡವರು ಯಾರು? ಎಲ್ಲಿಂದ ಬಂತು? ಬಸ್ಸಿನಲ್ಲಿ ಬಂತೆ?

ಹಾಗೆಂದು ಇದನ್ನು ಇಂಗ್ಲಿಷಿನ ಪ್ರಭಾವ ಎಂದು ತಳ್ಳಿಹಾಕುವ ವಿದ್ವಾಂಸರೊಂದಿಗೆ ನನ್ನ ಭಿನ್ನಾಭಿಪ್ರಾಯವಿದೆ. ನನ್ನ ತಂಗಿಯ ಮಗ ನಾಲ್ಕು ವರ್ಷದವನಿದ್ದಾಗ ಗಾಜಿನ ಲೋಟ ಬೀಳಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಲೋಟ ಒಡೆದೋಯ್ತು’ ಅಂದ. ‘ಒಡೆದೆ’ ಅನ್ನಲಿಲ್ಲ. ಯಾವ ಮ್ಯಾನೇಜ್‌ಮೆಂಟ್ ಕಾಲೇಜಿಗೂ ಹೋಗದೆ, ಒಂದೂ ಮೇಲ್ ಕಳಿಸದೆ, ಆ ಮಗು ಶಾಸ್ತ್ರದ ಸಾರವನ್ನು ಕರಗತ ಮಾಡಿಕೊಂಡಿತ್ತು. ವ್ಯತ್ಯಾಸ ಇಷ್ಟೇ. ತಂಗಿ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, ‘ತಾನಾಗೇ ಒಡೀತೇನೋ?’ ಅಂದಳು. 43 ಜನರಲ್ಲಿ ಒಬ್ಬರೂ ಈವರೆಗೆ ನನಗೆ ಈ ಪ್ರಶ್ನೆ ಕೇಳಿಲ್ಲ.

ಸೂತ್ರ 2. ನವತ್ಯುತ್ತರಂ ನ ವರ್ಧತೇ.

ವೃತ್ತಿ: ತೊಂಬತ್ತರ ಆಚೆಗೆ ಬೆಳವಣಿಗೆಯಿಲ್ಲ. ಮೊದಲ ಶೇಕಡಾ 90 ಕೆಲಸಕ್ಕೆ ಶೇಕಡಾ 90 ಸಮಯ, ಉಳಿದ ಶೇಕಡಾ 10ಕ್ಕೆ ಇನ್ನೊಂದು ಶೇಕಡಾ 90 ಸಮಯ ಎಂಬ ತತ್ತ್ವವನ್ನು ಬೆಲ್ ಲ್ಯಾಬ್ಸಿನ ಟಾಮ್ ಕಾರ್ಗಿಲ್ ಹೇಳಿದ್ದು, 1985ರಲ್ಲಿ ಜಾನ್ ಬೆಂಟ್ಲಿ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಆದರೆ ಅದರ ಪ್ರಾಯೋಗಿಕ ಸಿದ್ಧಿ ನಮ್ಮದು. ನಮ್ಮ ಟೀಮಿನ ಒಂದು ಕೆಲಸ ಯುಗಾದಿಯಿಂದ ದೀಪಾವಳಿಯವರೆಗೆ ಶೇಕಡಾ 90ರಲ್ಲೇ ಇತ್ತು. ನಡುವೆ ಒಂದು ವಾರ ಯಾರೋ ಮೈಮರೆತು 88 ಎಂದು ಬರೆದುಬಿಟ್ಟರು. ಕೆಲಸ ಹಿಂದಕ್ಕೆ ಹೋಗುವುದು ಹೇಗೆ ಎಂದು ಒಂದೂವರೆ ಗಂಟೆ ಮೀಟಿಂಗ್ ಆಯಿತು. ಹೋಗುತ್ತದೆ ಸ್ವಾಮಿ. 2017ರಲ್ಲಿ ಶುರುವಾದ ಬೆಂಗಳೂರಿನ ಈಜಿಪುರದ ಮೇಲ್ಸೇತುವೆಯ ಕಂಬಗಳ ಕೆಳಗೆ ವರ್ಷಗಟ್ಟಲೆ ಓಡಾಡಿದ ಯಾರನ್ನಾದರೂ ಕೇಳಿ.

ಸೂತ್ರ 3. ಕಾಲವಾಚಕಗಳು ಕಾಲವನ್ನು ಸೂಚಿಸುವುದಿಲ್ಲ.

ವೃತ್ತಿ: ‘ಇಒಡಿ’ ಎಂದರೆ ದಿನದ ಕೊನೆ. ಯಾರ ದಿನ ಎಂಬುದು ಧ್ವನಿ.

ಓದುಗ ಪ್ರಕರಣ

ಅಲಂಕಾರಶಾಸ್ತ್ರದಲ್ಲಿ ನಾಯಿಕೆಯರು ಎಂಟು ಬಗೆ. ಅದರಂತೆ ಸಾಸ್ಥಿನಿಯ ಓದುಗರೂ ಎಂಟು ಬಗೆ.

ಒಂದು, ಅಂಗುಷ್ಠಪ್ರಿಯ. ಮೇಲ್ ಬಂದ ಮೂರು ಸೆಕೆಂಡಿನಲ್ಲಿ ಹೆಬ್ಬೆಟ್ಟಿನ ಗುರುತು ಒತ್ತುವವನು. ಅಕ್ಷರ ಬಾರದ ನಮ್ಮ ತಾತ ಸೊಸೈಟಿ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಎರಡು ಸಲ ಓದಿಸಿ ಕೇಳುತ್ತಿದ್ದರು. ಇವನು ಇಂಜಿನಿಯರಿಂಗ್ ಪದವೀಧರ.

ಎರಡು, ಸರ್ವಪ್ರತ್ಯುತ್ತರಿ. 43 ಜನರಿಗೂ ‘ಥ್ಯಾಂಕ್ಸ್’ ಎಂದು ಉತ್ತರಿಸುವವನು. ಅದಕ್ಕೆ ಒಬ್ಬ ‘ವೆಲ್‌ಕಮ್’ ಅನ್ನುತ್ತಾನೆ. ಅದಕ್ಕೆ ಇನ್ನೊಬ್ಬ, ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಉತ್ತರಿಸುತ್ತಾನೆ.

ಮೂರು, ಸೇರ್ಪಕ. ಏನೂ ಬರೆಯುವುದಿಲ್ಲ. ‘ಪ್ಲಸ್ ಇಂಥವರು’ ಎಂದು ನಿಮಗಿಂತ ಎರಡು ಮೆಟ್ಟಿಲು ಮೇಲಿರುವ ಒಬ್ಬರ ಹೆಸರನ್ನು ಸಿಸಿಗೆ ಸೇರಿಸಿ ಸುಮ್ಮನಾಗುತ್ತಾನೆ. ಹಳ್ಳಿಯ ಜಗಳದಲ್ಲಿ ಗೌಡರನ್ನು ಕರೆದುಕೊಂಡು ಬರಲೇ ಅನ್ನುತ್ತಾರಲ್ಲ, ಅದು. ಒಂದು ವ್ಯತ್ಯಾಸವೆಂದರೆ ಹಳ್ಳಿಯಲ್ಲಿ ಗೌಡರು ಬಂದಮೇಲೆ ಏನಾದರೂ ತೀರ್ಮಾನವಾಗುತ್ತದೆ.

ನಾಲ್ಕು, ಸೌಮ್ಯಸ್ಮಾರಕ. ‘ಜೆಂಟಲ್ ರಿಮೈಂಡರ್’ ಕಳಿಸುವವನು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ವಾರ ಇಂಥ ಸೌಮ್ಯಗಳು ನನಗೆ ಮೂರು ಬಂದವು. ಮೂರನೆಯದರಲ್ಲಿ ‘ಸೌಮ್ಯ’ ಪದ ದಪ್ಪಕ್ಷರದಲ್ಲಿತ್ತು.

ಐದು.

ಉಳಿದ ನಾಲ್ವರು ಹೊಳೆಯುತ್ತಿಲ್ಲ. ನಾಯಿಕೆಯರು ಎಂಟು ಮಂದಿ ಎಂಬ ಒಂದೇ ಕಾರಣಕ್ಕೆ ಎಂಟು ಎಂದಿದ್ದೆ. ಬಿಡಿ.

ವರ್ಣ ಪ್ರಕರಣ

ಸಾಸ್ಥಿನಿಯ ಪ್ರಾಣ ಅದರ ಬಣ್ಣದಲ್ಲಿದೆ. ಪ್ರತಿ ಕೆಲಸದ ಮುಂದೆ ಒಂದು ಚೌಕ; ಅದಕ್ಕೆ ಟ್ರಾಫಿಕ್ ದೀಪದ ಮೂರು ಬಣ್ಣಗಳಲ್ಲಿ ಒಂದು. ಹಸಿರು ಎಂದರೆ ಎಲ್ಲ ಸರಿ. ಹಳದಿ ಎಂದರೆ ವಾರಕ್ಕೆ ಎರಡು ಮೀಟಿಂಗ್. ಕೆಂಪು ಎಂದರೆ ದಿನಾ ಬೆಳಿಗ್ಗೆ ಒಂದು ಮೀಟಿಂಗ್. ಏಕೆ ಕೆಂಪಾಯಿತು ಎಂದು ವಿವರಿಸಲು ಕೆಲಸ ಗೊತ್ತಿರುವ ಇಬ್ಬರೂ ಅಲ್ಲಿ ಕೂತಿರಬೇಕಾದ್ದರಿಂದ ಕೆಲಸ ಮಾಡಲು ಯಾರೂ ಉಳಿಯುವುದಿಲ್ಲ, ಹಾಗಾಗಿ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇದನ್ನು ಬಲ್ಲ ಅನುಭವಿಗಳು ಚೌಕವನ್ನು ಹಸಿರಾಗಿಯೇ ಇಟ್ಟುಕೊಂಡಿರುತ್ತಾರೆ. ಈ ಬಗೆಯ ಕೆಲಸಕ್ಕೆ ನಮ್ಮ ಕಸುಬಿನವರು ಇಟ್ಟ ಹೆಸರು ಕಲ್ಲಂಗಡಿ. ಹೊರಗೆ ಹಸಿರು, ಒಳಗೇನೆಂದು ಹೆಚ್ಚಿದ ಮೇಲೆ ಗೊತ್ತಾಗುತ್ತದೆ.

ಒಮ್ಮೆ ನಾನು ಕೆಂಪು ಹಚ್ಚಿದೆ. ಪಕ್ಕದಲ್ಲಿ, ‘ಕ್ಲೈಂಟ್ ಕೇಳಿದ್ದನ್ನು ನಾವು ತಪ್ಪಾಗಿ ಅರ್ಥ ಮಾಡಿಕೊಂಡೆವು, ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕು’ ಎಂದು ಬರೆದೆ. ಕರ್ತೃ ಇತ್ತು, ಕರ್ಮ ಇತ್ತು, ಕ್ರಿಯಾಪದವೂ ಇತ್ತು. ನಾಲ್ಕು ನಿಮಿಷಕ್ಕೆ ಫೋನ್ ಬಂತು. ‘ಕಂಟೆಂಟ್ ಸರಿ ಇದೆ, ಟೋನ್ ಸ್ವಲ್ಪ ನೋಡ್ಕೊಳ್ಳಿ.’ ಅರ್ಧ ಗಂಟೆಯ ನಂತರ ಪರಿಷ್ಕೃತ ಆವೃತ್ತಿ ಹೋಯಿತು: ‘ಅಗತ್ಯಗಳ ಮರುಹೊಂದಾಣಿಕೆ ಪ್ರಗತಿಯಲ್ಲಿದೆ.’ ಬಣ್ಣ, ಹಸಿರಿನತ್ತ ವಾಲಿದ ಹಳದಿ.

ಇಲ್ಲಿಯವರೆಗೆ ನಗಬಹುದು. ಇನ್ನೊಂದು ಮೇಲ್ ಬಗ್ಗೆ ಹೇಳಬೇಕು, ಅದರಲ್ಲಿ ನಗಲಿಕ್ಕೆ ಏನೂ ಇಲ್ಲ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿತು. ಹಾರಿದ 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡು ಎಡ ರೆಕ್ಕೆಗೆ ಬಡಿಯಿತು. ರೆಕ್ಕೆಗೆ ಏನಾಗಿದೆಯೋ ಕಕ್ಷೆಯಲ್ಲೇ ಚಿತ್ರ ತೆಗೆಸಿ ನೋಡೋಣ ಎಂದು ಇಂಜಿನಿಯರುಗಳು ಕೇಳಿದರು. ಮೇಲಿನವರು ಬೇಡವೆಂದರು. ರಾಡ್ನಿ ರೋಚಾ ಎಂಬ ಇಂಜಿನಿಯರ್, ಈ ನಿರ್ಧಾರ ತಪ್ಪು ಎಂದು ನೇರವಾಗಿ ಒಂದು ಮೇಲ್ ಬರೆದ. ಮೇಲಿನವರಿಗೆ ಅದನ್ನು ಕಳಿಸಲಿಲ್ಲ. ಜನವರಿ 23ರಂದು ಭೂಮಿಯಿಂದ ನೌಕೆಯ ಕಮಾಂಡರಿಗೂ ಪೈಲಟಿಗೂ ಬೇರೆ ಒಂದು ಮೇಲ್ ಹೋಯಿತು. ಹೀಗೊಂದು ತುಂಡು ಬಡಿದಿದೆ, ಚಿಂತೆಗೆ ಕಾರಣವಿಲ್ಲ, ಪತ್ರಕರ್ತರು ಕೇಳಿದರೆ ಗೊತ್ತಿರಲಿ ಅಂತ ತಿಳಿಸುತ್ತಿದ್ದೇವೆ ಎಂಬುದು ಅದರ ತಾತ್ಪರ್ಯ. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಟೆಕ್ಸಸ್ ಆಕಾಶದಲ್ಲಿ ಚೂರಾಯಿತು. ಏಳು ಜನ ಸತ್ತರು, ಕರ್ನಾಲ್‌ನ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ಒಂದು ಕಳಿಸದ ಮೇಲ್, ಒಂದು ಕಳಿಸಿದ ಮೇಲ್. ಕಳಿಸಿದ್ದು ಹಸಿರು.

ಹೋಲಿಕೆ ಅತಿಯಾಯಿತು ಎಂದು ನನಗೆ ಗೊತ್ತು. ನಾವು ಮಾಡುವುದು ವಿಮೆಯ ಲೆಕ್ಕಾಚಾರದ ಸಾಫ್ಟ್‌ವೇರ್. ಅದು ಬಿದ್ದರೆ ಯಾರೂ ಸಾಯುವುದಿಲ್ಲ, ಯಾರದೋ ಕಂತು ಎರಡು ಸಲ ಕಡಿತವಾಗುತ್ತದೆ. ಭಾಷೆ ಮಾತ್ರ ಅದೇ, ಒಂದಕ್ಷರ ಬೇರೆಯಿಲ್ಲ.

ಇನ್ನು ಶಾಸನಕ್ಕೂ ಸಾಸ್ಥಿನಿಗೂ ಇದೆಯೆಂದ ಆ ವ್ಯತ್ಯಾಸ. ಹೊಸೂರು ರಸ್ತೆಯಿಂದ ಒಳಗೆ ತಿರುಗಿದರೆ ಬೇಗೂರು. ಇಲೆಕ್ಟ್ರಾನಿಕ್ ಸಿಟಿಯ ಕ್ಯಾಬುಗಳು ದಿನಾ ಅದರ ಪಕ್ಕದಲ್ಲೇ ಹಾಯುತ್ತವೆ. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ಬರಹ ಅದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬವನ ಕಡೆಯವರು ಸತ್ತ ಸುದ್ದಿಯನ್ನು ಹೆಸರು ಹಿಡಿದು ಕೆತ್ತಿದ್ದಾರೆ. ಅದನ್ನು ನಾನು ಬರೆದಿದ್ದರೆ ಹೀಗಿರುತ್ತಿತ್ತು: ‘ಬೆಂಗಳೂರು ಕಾಳಗವನ್ನು ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸಲಾಗಿದೆ. ಸಿಬ್ಬಂದಿ ಲಭ್ಯತೆಯಲ್ಲಿ ಅಲ್ಪ ಏರುಪೇರು ಕಂಡುಬಂದಿದೆ. ಸ್ಥಿತಿ: ಹಸಿರು.’ ಕಲ್ಲುಕುಟಿಗ ಹಾಗೆ ಮಾಡಲಿಲ್ಲ. ಒಂದೊಂದು ಅಕ್ಷರಕ್ಕೂ ಕೈ ನೋಯುವ ಕೆಲಸ. ಆದರೂ ಹೆಸರನ್ನು ಬಿಡಲಿಲ್ಲ. ಹಲ್ಮಿಡಿಯಲ್ಲೂ ಅಷ್ಟೇ: ಯಾರು ಕಾದಿದರು, ಯಾವ ಊರು ಕೊಟ್ಟರು, ಯಾರಿಗೆ, 16 ಸಾಲಿನಲ್ಲಿ ಎಲ್ಲರೂ ಇದ್ದಾರೆ. ನಮಗೆ ಜಾಗದ ಕೊರತೆಯಿಲ್ಲ, ಉಳಿಯ ನೋವಿಲ್ಲ. ಹೆಸರೊಂದನ್ನು ಮಾತ್ರ ಬರೆಯುವುದಿಲ್ಲ.

ಮುಂದೆ ಅಲಂಕಾರ ಪ್ರಕರಣ, ದೋಷ ಪ್ರಕರಣ ಬರೆಯಬೇಕೆಂದಿತ್ತು. ಉತ್ಸಾಹ ಇಳಿದಿದೆ. ಅದರ ಬದಲು ನಡೆದದ್ದೊಂದನ್ನು ಹೇಳುತ್ತೇನೆ.

ಒಂದು ವರ್ಷ ದಸರೆಯ ವಾರ ನಮ್ಮ ಕ್ಲೈಂಟಿನ ಲೆಕ್ಕ ತಾಳೆಯಾಗದೆ ನಿಂತಿತು. ಹಗಲು ಸರಿಯಿದ್ದ ಮೊತ್ತ ರಾತ್ರಿ ಬೇರೆ ಬರುತ್ತಿತ್ತು. ಚಿತ್ರದುರ್ಗದ ಕಡೆಯ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಹಬ್ಬಕ್ಕೆ ಊರಿಗೆಂದು ಮಾಡಿಸಿದ್ದ ಬಸ್ ಟಿಕೆಟ್ ರದ್ದು ಮಾಡಿ ಕೂತಳು. ಆಯುಧಪೂಜೆಯ ಕುಂಕುಮ ಇನ್ನೂ ಮಾನಿಟರಿನ ಮೇಲಿತ್ತು, ಮೇಜಿನ ಕೆಳಗೆ ಒಡೆದ ಬೂದುಗುಂಬಳದ ಬೀಜ. ಮೂರನೆಯ ರಾತ್ರಿ ಕಳೆದು ಬೆಳಗಿನ ಐದಕ್ಕೆ, ‘ಸಾರ್, ಸಿಕ್ತು’ ಅಂದಳು. ಇಡ್ಲಿ ಕಟ್ಟಿಸಿಕೊಂಡು ಬಂದ ಕಾಗದದ ಹಿಂಬದಿಯಲ್ಲಿ 3-10 ಎಂದು ಬರೆದು ತೋರಿಸಿದಳು. ನಮ್ಮ ಯಂತ್ರ ಅದನ್ನು ಅಕ್ಟೋಬರ್ 3 ಎಂದು ಓದುತ್ತಿತ್ತು, ಅಮೆರಿಕದ ಯಂತ್ರ ಮಾರ್ಚ್ 10 ಎಂದು. ಅಷ್ಟೇ. ಅಷ್ಟನ್ನು ನಮ್ಮಲ್ಲಿ ಹದಿನೈದು ವರ್ಷ ಮೀರಿದ ಅನುಭವದ ಆರು ಜನ ಕಂಡಿರಲಿಲ್ಲ, ನಾನೂ ಸೇರಿ.

ಶುಕ್ರವಾರ ನಾನು ಮೇಲ್ ಬರೆದೆ. ‘ದಿನಾಂಕಕ್ಕೆ ಸಂಬಂಧಿಸಿದ ಸಮಸ್ಯೆಯನ್ನು ಗುರುತಿಸಿ ಬಗೆಹರಿಸಲಾಗಿದೆ.’ ಹಸಿರು. 43 ಜನರಿಗೆ ಹೋಯಿತು. ಅವಳ ಹೆಸರನ್ನು ಬೇಕೆಂದು ಬಿಟ್ಟದ್ದಲ್ಲ. ಬೆರಳಿಗೆ ಬರಲೇ ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ.

ಮಾರ್ಚಿನಲ್ಲಿ ಅಪ್ರೈಸಲ್ ಮೀಟಿಂಗ್. ಈ ವರ್ಷ ಇವಳು ಎದ್ದು ಕಾಣುವಂಥದ್ದೇನು ಮಾಡಿದ್ದಾಳೆ ಎಂದು ಮೇಲಿನವರು ಕೇಳಿದರು. ಹೇಳಿದೆ. ದಾಖಲೆ ಇದೆಯಾ ಅಂದರು. ಅಲ್ಲೇ ಕೂತು ವರ್ಷದ ಐವತ್ತು ಮೇಲ್‌ಗಳಲ್ಲಿ ಹುಡುಕಿದೆ. ಗುರುತಿಸಲಾಗಿದೆ, ಬಗೆಹರಿಸಲಾಗಿದೆ, ಪೂರೈಸಲಾಗಿದೆ. ಅವಳಿರಲಿ, ಯಾರ ಹೆಸರೂ ಎಲ್ಲೂ ಇರಲಿಲ್ಲ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಅಂದರು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ಹೊಳೆಯಲಿಲ್ಲ. ಎದುರಿಗೆ ತೆರೆದಿದ್ದ ಮೇಲ್‌ಗಳೆಲ್ಲ ನಾನು ಬರೆದವು.

ಏಪ್ರಿಲಿನಲ್ಲಿ ಅವಳು ಬೇರೆ ಕಡೆ ಸೇರಿದಳು. ಹೋಗುವ ದಿನ ಟೀಮಿಗೆ ಒಂದು ಮೇಲ್ ಕಳಿಸಿದಳು. ಅದರಲ್ಲಿ ಹನ್ನೊಂದು ಜನರ ಹೆಸರಿತ್ತು, ರಾತ್ರಿ ಪಾಳಿಯ ಸೆಕ್ಯೂರಿಟಿಯವರದ್ದೂ ಸೇರಿ. ಒಬ್ಬೊಬ್ಬರ ಮುಂದೆಯೂ ಅವರಿಂದ ತಾನು ಕಲಿತದ್ದೇನು ಎಂದು ಒಂದೊಂದು ಸಾಲು. ನನ್ನ ಹೆಸರಿನ ಮುಂದೆ ಬರೆದಿದ್ದಳು: ‘ಸ್ಟೇಟಸ್ ಮೇಲ್ ಬರೆಯುವುದನ್ನು ಕಲಿಸಿದರು.’